ಲೇಸರ್ ಕೊಳ್ಳುವುದು ಬೇರೆ, ಲೇಸರ್ ಕಟ್ಟುವುದು ಬೇರೆ

(ಕಾಸರಗೋಡಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಊರವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಮ್ಮ ದೇಶಕ್ಕೆ ಲೇಸರಿನ ಒಂದು ರಾಷ್ಟ್ರೀಯ ಕಾರ್ಯತಂತ್ರ ಯಾಕೆ ಬೇಕು ಅನ್ನುವುದು ಇವತ್ತಿನ ವಿಷಯ. ಮೊದಲಿಗೆ ಒಂದು ಲೆಕ್ಕ. 2024ರ ಮೇ 30ರಂದು ಭಾರತದ ವಿದ್ಯುತ್ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತು. ಉರಿ ಸೆಕೆ, ಎಲ್ಲ ಕಡೆ ಫ್ಯಾನು, ಎಸಿ, ಪಂಪು. ಇಡೀ ದೇಶ ಒಟ್ಟಿಗೆ ಎಳೆದ ಕರೆಂಟು ಅದು. ಒಂದು ಪೆಟಾವ್ಯಾಟ್ ಅಂದರೆ ಹತ್ತು ಲಕ್ಷ ಗಿಗಾವ್ಯಾಟ್. ಒಂದು ಪೆಟಾವ್ಯಾಟ್ ಲೇಸರ್ ಮಿಂಚುವಾಗ ಅದರ ಪವರ್ ಇದರ 4000 ಪಟ್ಟು.

ಅಷ್ಟು ಕರೆಂಟು ಎಲ್ಲಿಂದ ತರುತ್ತಾರೆ ಅಂತ ನೀವು ಕೇಳಬಹುದು. ತರಬೇಕಾಗಿಲ್ಲ. ಆ ಬೆಳಕಿನ ಒಂದು ಪಲ್ಸ್‌ನಲ್ಲಿ, ಅಂದರೆ ಒಂದು ಮಿಂಚಿನಲ್ಲಿ, 25 ಜೂಲ್ ಶಕ್ತಿ ಇದ್ದರೆ ಸಾಕು. ಒಂದು ಕಿಲೋ ತೂಕದ ತೆಂಗಿನಕಾಯಿ ಎರಡೂವರೆ ಮೀಟರ್ ಎತ್ತರದಿಂದ ಬಿದ್ದರೆ ನೆಲಕ್ಕೆ ತಾಗುವಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇರುತ್ತದೆ. ವ್ಯತ್ಯಾಸ ಇರುವುದು ಸಮಯದಲ್ಲಿ. ಲೇಸರ್ ಆ 25 ಜೂಲನ್ನು 25 ಫೆಮ್ಟೊಸೆಕೆಂಡಿನಲ್ಲಿ ಕೊಟ್ಟು ಮುಗಿಸುತ್ತದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ. ಅದರಲ್ಲಿ ಒಂದು ಭಾಗವನ್ನು ತೆಗೆದು ಮತ್ತೆ ನೂರು ಕೋಟಿ ಭಾಗ ಮಾಡಿ. ಆಗ ಸಿಗುವ ಚೂರು ಒಂದು ಫೆಮ್ಟೊಸೆಕೆಂಡ್. 25 ಫೆಮ್ಟೊಸೆಕೆಂಡಿನಲ್ಲಿ ಬೆಳಕು ಕೂಡ ಏಳೂವರೆ ಮೈಕ್ರೋಮೀಟರ್ ಮಾತ್ರ ಮುಂದೆ ಹೋಗುತ್ತದೆ.

ಇಂಥ ಬೆಳಕನ್ನು ಒಂದು ಚುಕ್ಕಿಗೆ ಹಿಡಿದರೆ ಅಲ್ಲಿದ್ದ ವಸ್ತು ಅನಿಲವಾಗಿಯೂ ಉಳಿಯುವುದಿಲ್ಲ. ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಪ್ಲಾಸ್ಮಾ ಆಗುತ್ತದೆ. ಆ ಪ್ಲಾಸ್ಮಾದಲ್ಲಿ ಎದ್ದ ಅಲೆಯ ಮೇಲೆ ಎಲೆಕ್ಟ್ರಾನ್‌ಗಳನ್ನು ಓಡಿಸಬಹುದು ಎಂದು 1979ರಲ್ಲಿ ತಜಿಮ ಮತ್ತು ಡಾಸನ್ ಎಂಬ ಭೌತವಿಜ್ಞಾನಿಗಳು ಬರೆದರು. ಆಗ ಅದಕ್ಕೆ ತಕ್ಕ ಲೇಸರ್ ಇರಲಿಲ್ಲ. 2019ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ 20 ಸೆಂಟಿಮೀಟರ್ ಉದ್ದದ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನ್‌ಗಳನ್ನು 7.8 ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗೆ ಏರಿಸಿದರು. ಎಲೆಕ್ಟ್ರಾನಿನ ಶಕ್ತಿ ಅಳೆಯುವ ಮಾನ ಅದು. ನಮ್ಮ ಇಂದೋರಿನ ಇಂಡಸ್-2, ಎಲೆಕ್ಟ್ರಾನ್‌ಗಳನ್ನು ಉಂಗುರದಲ್ಲಿ ಓಡಿಸುವ ಯಂತ್ರ. ಅದರ ಸುತ್ತಳತೆ 172 ಮೀಟರ್. ಅದು ಎಲೆಕ್ಟ್ರಾನ್‌ಗಳನ್ನು 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗೆ ಒಯ್ಯುತ್ತದೆ. ಹಾಗಂತ ಇಂಡಸ್-2 ಹಳತಾಯಿತು ಅಂತಲ್ಲ. ಉಂಗುರದೊಳಗಿನ ಎಲೆಕ್ಟ್ರಾನ್ ಗಂಟೆಗಟ್ಟಲೆ ಒಂದೇ ಹದದಲ್ಲಿ ಓಡುತ್ತದೆ. ಲೇಸರ್ ಓಡಿಸಿದ ಎಲೆಕ್ಟ್ರಾನ್‌ಗೆ ಆ ಹದ ಇನ್ನೂ ಬಂದಿಲ್ಲ. ಆದರೆ ದಾರಿ ಯಾವ ಕಡೆಗೆ ಅಂತ ಕಾಣುತ್ತದೆ, ಅಲ್ವಾ? ಒಂದು ಊರಿನಷ್ಟು ಜಾಗ ಬೇಡುವ ಯಂತ್ರ ಮುಂದೆ ಒಂದು ಆಸ್ಪತ್ರೆಯ ಕೋಣೆಗೆ ಬರಬಹುದು.

ಸ್ವಲ್ಪ ಹಿಂದೆ ಹೋಗುತ್ತೇನೆ. ಲೇಸರಿನ ಮೂಲ ವಿಚಾರ ಐನ್‌ಸ್ಟೈನ್ 1917ರಲ್ಲಿ ಬರೆದದ್ದು. ಮೊದಲ ಲೇಸರ್ ಬೆಳಗಿದ್ದು 1960ರ ಮೇ 16ರಂದು, ಥಿಯೋಡೋರ್ ಮೈಮನ್ ಕೈಯಲ್ಲಿ, ಒಂದು ಮಾಣಿಕ್ಯದ ಸರಳಿನಿಂದ. ನಾಲ್ಕೇ ವರ್ಷದಲ್ಲಿ, 1964ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿ.ಕೆ.ಎನ್. ಪಟೇಲ್ ಇಂಗಾಲದ ಡೈ ಆಕ್ಸೈಡ್ ಲೇಸರ್ ಮಾಡಿದರು. ಪಟೇಲ್ ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ, ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅದೇ 1964ರಲ್ಲಿ ನಮ್ಮ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿಯೂ ಗ್ಯಾಲಿಯಂ ಆರ್ಸೆನೈಡ್ ಅರೆವಾಹಕ ಲೇಸರ್ ಒಂದನ್ನು ಮಾಡಿದ್ದರು. ಅಂದರೆ ಓಟ ಶುರುವಾದಾಗ ನಾವು ತುಂಬ ಹಿಂದೆ ಇರಲಿಲ್ಲ.

ಆಮೇಲೆ ಸುಮಾರು ಇಪ್ಪತ್ತು ವರ್ಷ ಲೇಸರ್ ಪವರ್ ಒಂದು ಗೋಡೆಗೆ ಬಂದು ನಿಂತಿತು. ಪಲ್ಸನ್ನು ಜಾಸ್ತಿ ಬಲಪಡಿಸಲು ಹೋದರೆ ಅದು ಹಾದುಹೋಗುವ ಗಾಜು, ಸ್ಫಟಿಕವೇ ಸುಟ್ಟುಹೋಗುತ್ತಿತ್ತು. 1985ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿನಿ, ತನ್ನ ಮಾರ್ಗದರ್ಶಕ ಜೆರಾರ್ಡ್ ಮುರೂ ಜೊತೆ ಇದಕ್ಕೆ ದಾರಿ ಕಂಡುಕೊಂಡರು. ಚಿಕ್ಕ ಪಲ್ಸ್‌ನಲ್ಲಿ ಹಲವು ಬಣ್ಣಗಳು ಕೂಡಿಕೊಂಡಿರುತ್ತವೆ. ಕೆಂಪು ಮುಂದೆ, ನೀಲಿ ಹಿಂದೆ ಆಗುವ ಹಾಗೆ ಅದನ್ನು ಹಿಗ್ಗಿಸಿದರು. ಹಿಗ್ಗಿದಾಗ ಪಲ್ಸ್ ಉದ್ದವಾಗುತ್ತದೆ, ತೀವ್ರತೆ ಇಳಿಯುತ್ತದೆ. ಆಗ ಸ್ಫಟಿಕಕ್ಕೆ ಪೆಟ್ಟಾಗದೆ ಶಕ್ತಿ ತುಂಬಬಹುದು. ತುಂಬಿದ ಮೇಲೆ ಗ್ರೇಟಿಂಗ್ ಎಂಬ ಸೂಕ್ಷ್ಮ ಗೆರೆಗಳ ಫಲಕಗಳಿಂದ ಎಲ್ಲ ಬಣ್ಣಗಳನ್ನು ಮತ್ತೆ ಒಟ್ಟು ಸೇರಿಸಿ ಪಲ್ಸನ್ನು ಕುಗ್ಗಿಸಿದರು. ಮೊದಲ ಪ್ರಯೋಗದಲ್ಲಿ ಹಿಗ್ಗಿಸಲು ಬಳಸಿದ್ದು ಒಂದು ಕಿಲೋಮೀಟರಿಗಿಂತ ಉದ್ದದ ಆಪ್ಟಿಕಲ್ ಫೈಬರ್. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಲ್ಲಿ ಕೂತ ಎಂ.ಎಸ್ಸಿ. ವಿದ್ಯಾರ್ಥಿನಿಯರಿಗೆ ಇದನ್ನು ಮತ್ತೊಮ್ಮೆ ಹೇಳುತ್ತೇನೆ: ಇವತ್ತಿನ ಎಲ್ಲ ಪೆಟಾವ್ಯಾಟ್ ಲೇಸರ್‌ಗಳ ಹಿಂದೆ ಇರುವುದು ಒಬ್ಬ ವಿದ್ಯಾರ್ಥಿನಿಯ ಪಿಎಚ್.ಡಿ. ಕೆಲಸ.

ಈಗ ರಾಷ್ಟ್ರೀಯ ಕಾರ್ಯತಂತ್ರದ ಮಾತಿಗೆ ಬರೋಣ. ಈ ವಿದ್ಯೆ ಹುಟ್ಟಿದ್ದು ಅಮೆರಿಕದಲ್ಲಿ. ಮೊದಲ ಪೆಟಾವ್ಯಾಟ್ ಲೇಸರ್ ಕೂಡ 1990ರ ದಶಕದಲ್ಲಿ ಅಲ್ಲಿನ ಲಿವರ್‌ಮೋರ್ ಪ್ರಯೋಗಾಲಯದಲ್ಲೇ ಬೆಳಗಿತು. ಆದರೆ 2017ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಒಂದು ಸಮಿತಿ ಸ್ವಂತ ದೇಶದ ಬಗ್ಗೆ ಕಹಿ ವರದಿ ಕೊಟ್ಟಿತು. ಈ ಕ್ಷೇತ್ರದಲ್ಲಿ ಅಮೆರಿಕ ಹಿಂದೆ ಬಿದ್ದಿದೆ, ಇಂಥ ಲೇಸರ್‌ಗಳಲ್ಲಿ ಹೆಚ್ಚಿನವು ಈಗ ಯುರೋಪು, ಏಷ್ಯಾದಲ್ಲಿವೆ, ಎಲ್ಲ ಇಲಾಖೆಗಳು ಸೇರಿದ ಒಂದು ಕಾರ್ಯತಂತ್ರ ಬೇಕು ಎಂದು ಹೇಳಿತು. ದುಡ್ಡಿಲ್ಲದ ದೇಶವಲ್ಲ, ಜನ ಇಲ್ಲದ ದೇಶವಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಒಂದೊಂದು ಇಲಾಖೆ ತನ್ನ ಕೆಲಸಕ್ಕೆ ಬೇಕಾದ ಲೇಸರನ್ನು ತಾನು ಕಟ್ಟಿಕೊಂಡಿತು. ಎಲ್ಲರಿಗೂ ಸೇರಿದ್ದು ಅನ್ನುವ ಲೇಸರ್ ಯಾರ ಜವಾಬ್ದಾರಿಯೂ ಆಗಲಿಲ್ಲ. ವರದಿ ಬಂದ ಮೇಲೆ 2018ರಲ್ಲಿ ಲೇಸರ್‌ನೆಟ್-ಯುಎಸ್ ಎಂಬ ಜಾಲ ಕಟ್ಟಿದರು. ವಿಶ್ವವಿದ್ಯಾಲಯಗಳಲ್ಲಿ, ಪ್ರಯೋಗಾಲಯಗಳಲ್ಲಿ ಆಗಲೇ ಇದ್ದ ದೊಡ್ಡ ಲೇಸರ್‌ಗಳ ಬಾಗಿಲನ್ನು ಹೊರಗಿನ ಸಂಶೋಧಕರಿಗೂ ತೆರೆದರು. ಹೊಸ ಕಟ್ಟಡಕ್ಕೆ ಮೊದಲು ಇದ್ದ ಬಾಗಿಲು ತೆರೆಯುವುದು. ಇದು ಬುದ್ಧಿವಂತಿಕೆಯ ಕೆಲಸ ಅಂತ ನನ್ನ ಅಭಿಪ್ರಾಯ.

ಯುರೋಪ್ ಇನ್ನೊಂದು ದಾರಿ ಹಿಡಿಯಿತು. ನಮ್ಮಂಥ ಗಡಿನಾಡಿನವರು ಇದನ್ನು ಗಮನ ಕೊಟ್ಟು ಕೇಳಬೇಕು. ಎಕ್ಸ್‌ಟ್ರೀಮ್ ಲೈಟ್ ಇನ್‌ಫ್ರಾಸ್ಟ್ರಕ್ಚರ್ ಎಂಬ ದೊಡ್ಡ ಯೋಜನೆ ಬಂದಾಗ ಅದನ್ನು ಪ್ಯಾರಿಸ್‌ನಲ್ಲೋ ಮ್ಯೂನಿಕ್‌ನಲ್ಲೋ ಇಡಬಹುದಿತ್ತು. ಇಡಲಿಲ್ಲ. ಜೆಕ್ ದೇಶ, ಹಂಗೇರಿ, ರೊಮೇನಿಯಾ, ಈ ಮೂರಕ್ಕೆ ಹಂಚಿದರು. ದುಡ್ಡಿನ ಬಹುಪಾಲು ಬಂದದ್ದು ಹಿಂದುಳಿದ ಪ್ರದೇಶಗಳ ಬೆಳವಣಿಗೆಗೆ ಅಂತ ಯುರೋಪಿಯನ್ ಒಕ್ಕೂಟ ಇಟ್ಟ ನಿಧಿಯಿಂದ. ರೊಮೇನಿಯಾದ ಮಗುರೆಲೆಯಲ್ಲಿ 10 ಪೆಟಾವ್ಯಾಟ್ ಲೇಸರ್ ಇದೆ. ಹಂಗೇರಿಯ ಪಾಲು ಇರುವುದು ಸೆಗೆಡ್ ಊರಿನಲ್ಲಿ. ಸೆಗೆಡ್ ಎಲ್ಲಿದೆ? ದೇಶದ ತೀರಾ ದಕ್ಷಿಣ ಅಂಚಿನಲ್ಲಿ, ಸರ್ಬಿಯಾ ಗಡಿಗೆ ತಾಗಿಕೊಂಡು, ರೊಮೇನಿಯಾವೂ ಪಕ್ಕದಲ್ಲೇ. ರಾಜಧಾನಿಯಿಂದ ದೂರದ ಗಡಿ ಊರು. ಇವತ್ತು ಅಟೊಸೆಕೆಂಡ್ ಪ್ರಯೋಗ ಮಾಡುವವರು ಜಗತ್ತಿನ ಬೇರೆ ಬೇರೆ ಕಡೆಯಿಂದ ಆ ಊರಿಗೆ ಬರುತ್ತಾರೆ. ಅಟೊಸೆಕೆಂಡ್ ಅಂದರೆ ಫೆಮ್ಟೊಸೆಕೆಂಡಿನ ಸಾವಿರದ ಒಂದು ಪಾಲು. ಪರಮಾಣುವಿನೊಳಗೆ ಎಲೆಕ್ಟ್ರಾನ್ ಸರಿದಾಡುವ ಸಮಯ ಅದು. 2023ರ ಭೌತಶಾಸ್ತ್ರ ನೊಬೆಲ್ ಈ ಕೆಲಸಕ್ಕೇ ಬಂದದ್ದು. ಪಡೆದ ಮೂವರಲ್ಲಿ ಒಬ್ಬರಾದ ಫೆರೆಂಕ್ ಕ್ರೌಸ್ ಹಂಗೇರಿಯವರು.

ಚೀನಾ ಶಾಂಘೈಯಲ್ಲಿ 10 ಪೆಟಾವ್ಯಾಟ್ ಮುಟ್ಟಿ, 100 ಪೆಟಾವ್ಯಾಟ್ ಯಂತ್ರ ಕಟ್ಟಲು ಹೊರಟಿದೆ. ದಕ್ಷಿಣ ಕೊರಿಯಾದ ಗ್ವಾಂಗ್ಜುವಿನಲ್ಲಿ 4 ಪೆಟಾವ್ಯಾಟ್ ಇದೆ. ಸಂಖ್ಯೆಗಳ ಪೈಪೋಟಿಯನ್ನು ನಾನು ಅಷ್ಟು ದೊಡ್ಡದು ಮಾಡುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಯಂತ್ರದ ಒಳಗಿದೆ.

ಪೆಟಾವ್ಯಾಟ್ ಲೇಸರಿನ ಹೊಟ್ಟೆಯಲ್ಲಿ ಏನಿದೆ? ನಡುವೆ ಟೈಟಾನಿಯಂ ಬೆರೆಸಿದ ನೀಲಮಣಿಯ ಸ್ಫಟಿಕ. ಇದು ಲೇಸರ್ ಬೆಳಕು ಕೊಡುತ್ತದೆ ಅಂತ 1982ರಲ್ಲಿ ಪೀಟರ್ ಮೌಲ್ಟನ್ ತೋರಿಸಿದರು. ಅದಕ್ಕೆ ಶಕ್ತಿ ತುಂಬಲು ಬೇರೆ ಹಸಿರು ಲೇಸರ್‌ಗಳು. ಪಲ್ಸನ್ನು ಕುಗ್ಗಿಸಲು ಚಿನ್ನದ ಲೇಪ ಇರುವ ಗ್ರೇಟಿಂಗ್‌ಗಳು, ಮಿಲಿಮೀಟರಿಗೆ ಸಾವಿರಕ್ಕೂ ಜಾಸ್ತಿ ಗೆರೆ. ದಾರಿಯುದ್ದಕ್ಕೂ ಹತ್ತಾರು ಪದರದ ಲೇಪನ ಇರುವ ಕನ್ನಡಿಗಳು. ಟೈಟಾನಿಯಂ ನಮಗೆ ಹೊಸದಲ್ಲ. ಕೊಲ್ಲಂ ಹತ್ತಿರದ ಚವರದ ಮರಳಿನಲ್ಲಿ ಬೇಕಾದಷ್ಟಿದೆ. ಆದರೆ ಈ ಸ್ಫಟಿಕಕ್ಕೆ ಬೇಕಾದ ಟೈಟಾನಿಯಂ ಅತ್ಯಲ್ಪ. ಬೇಕಾದದ್ದು ಅಂಗೈ ಅಗಲದ ಸ್ಫಟಿಕವನ್ನು ಒಂದು ಬಿರುಕು, ಒಂದು ಗುಳ್ಳೆ ಇಲ್ಲದೆ ವಾರಗಟ್ಟಲೆ ಕಾದು ಬೆಳೆಸುವ ಕೈ. ಅದು ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಇದೆ. ದೊಡ್ಡ ಗ್ರೇಟಿಂಗ್ ಮಾಡುವವರೂ ಹಾಗೆಯೇ. ನಮ್ಮಲ್ಲಿ ಈ ಬಗೆಯ ದೊಡ್ಡ ಲೇಸರ್‌ಗಳು ಇಂದೋರಿನಲ್ಲಿವೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿವೆ. ಒಳ್ಳೆಯ ವಿಜ್ಞಾನವೂ ಅಲ್ಲಿಂದ ಬರುತ್ತಿದೆ. ಆದರೆ ಆ ಯಂತ್ರಗಳ ಮುಖ್ಯ ಭಾಗಗಳಲ್ಲಿ ಬಹುಪಾಲು ಹೊರದೇಶದಿಂದ ಕೊಂಡದ್ದು.

ಕೊಂಡರೆ ಏನು ತಪ್ಪು? ಕೊಡುವವರು ಕೊಡುವವರೆಗೆ ತಪ್ಪೇನಿಲ್ಲ. 1998ರ ಪೋಖ್ರಾನ್ ಪರೀಕ್ಷೆ ಆದ ಮೇಲೆ ನಮ್ಮ ಅಣುಶಕ್ತಿ ಮತ್ತು ರಕ್ಷಣಾ ಸಂಸ್ಥೆಗಳಿಗೆ ಎಷ್ಟೋ ಉಪಕರಣ ಬರುವುದು ನಿಂತಿತು. ಗಡಿ ಮುಚ್ಚಿದರೆ ಏನಾಗುತ್ತದೆ ಅಂತ ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳು ಆಂಬುಲೆನ್ಸಿನಲ್ಲೇ ಉಳಿದರು. ಕೆಲವರು ಜೀವ ಬಿಟ್ಟರು. ದೂರದ ಮಾತಲ್ಲ ಇದು.

ಇದಕ್ಕೆ ಈ ಕಾಲದ ಅತಿ ದೊಡ್ಡ ಉದಾಹರಣೆ ಚಿಪ್ ಮಾಡುವ ಯಂತ್ರ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಲೇಸರ್ ಕಾರ್ಯತಂತ್ರ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ನಿಮ್ಮ ಜೇಬಿನ ಹೊಸ ಫೋನಿನ ಚಿಪ್‌ನ ಅತಿ ಸೂಕ್ಷ್ಮ ಗೆರೆಗಳನ್ನು ಬರೆಯುವುದು 13.5 ನ್ಯಾನೋಮೀಟರ್ ತರಂಗದ ಬೆಳಕು. ಆ ಬೆಳಕು ಗಾಳಿಯಲ್ಲಿ ಹೋಗುವುದಿಲ್ಲ, ಗಾಜಿನಲ್ಲೂ ಹೋಗುವುದಿಲ್ಲ. ಮಾಡುವುದು ಹೇಗೆ? ನಿರ್ವಾತದಲ್ಲಿ ಕರಗಿದ ತವರದ ಹನಿಗಳನ್ನು ಸೆಕೆಂಡಿಗೆ 50,000ದಂತೆ ಹಾರಿಸುತ್ತಾರೆ. ಪ್ರತಿ ಹನಿಗೂ ಎರಡು ಲೇಸರ್ ಪೆಟ್ಟು. ಮೊದಲನೆಯದು ಹನಿಯನ್ನು ಚಪ್ಪಟೆ ಮಾಡುತ್ತದೆ. ಎರಡನೆಯದು ಅದನ್ನು ಪ್ಲಾಸ್ಮಾ ಮಾಡುತ್ತದೆ. ಆ ಪ್ಲಾಸ್ಮಾ ಸೂಸುವ ಬೆಳಕನ್ನು ಕನ್ನಡಿಗಳಿಂದ ಹಿಡಿದು ಸಿಲಿಕಾನ್ ಮೇಲೆ ಬಿಡುತ್ತಾರೆ. ಈ ಪೆಟ್ಟು ಕೊಡುವುದು ಯಾವ ಲೇಸರ್ ಗೊತ್ತಾ? ಇಂಗಾಲದ ಡೈ ಆಕ್ಸೈಡ್ ಲೇಸರ್. ಬಾರಾಮತಿಯ ಪಟೇಲ್ 1964ರಲ್ಲಿ ಮಾಡಿದ ಲೇಸರಿನ ವಂಶದ್ದು.

ಇವತ್ತು ಆ ಯಂತ್ರವನ್ನು ಮಾರುವುದು ಜಗತ್ತಿನಲ್ಲಿ ಒಂದೇ ಕಂಪನಿ, ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಲೇಸರ್ ಜರ್ಮನಿಯ ಟ್ರುಂಪ್‌ನದು, ಕನ್ನಡಿ ಜರ್ಮನಿಯ ಝೈಸ್‌ನದು. ಚೀನಾದಂಥ ದೇಶಕ್ಕೂ ದುಡ್ಡು ಕೊಟ್ಟು ಇದನ್ನು ಕೊಳ್ಳಲು ಆಗುತ್ತಿಲ್ಲ, ರಫ್ತಿಗೆ ಅನುಮತಿ ಇಲ್ಲ. ಗುಜರಾತಿನ ಧೊಲೇರಾದಲ್ಲಿ ನಾವು ಕಟ್ಟಲು ಹೊರಟ ಕಾರ್ಖಾನೆ 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ದಪ್ಪ ಗೆರೆಯ ಚಿಪ್‌ಗಳದ್ದು. ಅದಕ್ಕೆ ತವರದ ಹನಿಯ ಯಂತ್ರ ಬೇಡ, 193 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್ ಸಾಕು. ಆದರೆ ಅದನ್ನು ಮಾಡುವವರೂ ಜಗತ್ತಿನಲ್ಲಿ ಮುಖ್ಯವಾಗಿ ಇಬ್ಬರೇ. ಆ ಇಬ್ಬರಲ್ಲಿ ನಾವಿಲ್ಲ. ಪಟೇಲರ ಹುಟ್ಟು ನಮ್ಮ ಮಣ್ಣಿನದು, ಅವರ ಲೇಸರಿನ ಈ ಉಪಯೋಗ ನಮ್ಮ ಕೈಗೆ ಸಿಗದ್ದು. ಪಟೇಲರ ಬುದ್ಧಿಯನ್ನು ಈ ದೇಶದಲ್ಲೇ ಉಳಿಸಿಕೊಳ್ಳುವಂಥ ಪ್ರಯೋಗಾಲಯ, ಪಕ್ಕದಲ್ಲೊಂದು ಲೇಪನದ ಕಾರ್ಖಾನೆ, ಅದರ ಪಕ್ಕದಲ್ಲೊಂದು ಸ್ಫಟಿಕ ಬೆಳೆಸುವ ಒಲೆ ಅಂದು ಇದ್ದಿದ್ದರೆ ಅಂತ ನನಗೆ ನಿಜವಾಗಿ ಸಂಕಟವಾಗುತ್ತದೆ.

ನಾವು ಏನೂ ಮಾಡಲಿಲ್ಲ ಅಂತ ಅಲ್ಲ. 1984ರಲ್ಲಿ ಇಂದೋರಿನಲ್ಲಿ ಲೇಸರ್ ಮತ್ತು ವೇಗವರ್ಧಕಗಳಿಗಾಗಿಯೇ ಒಂದು ಕೇಂದ್ರಕ್ಕೆ ಅಡಿಗಲ್ಲು ಬಿತ್ತು. ಇವತ್ತು ಅದಕ್ಕೆ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿದೆ. ಇಂಡಸ್-1, ಇಂಡಸ್-2 ಎರಡನ್ನೂ ನಮ್ಮವರೇ ಕಟ್ಟಿದರು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ಬರುತ್ತಿದೆ. 2023ರ ಏಪ್ರಿಲ್‌ನಲ್ಲಿ 2600 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳಿನಲ್ಲಿ ಲೇಸರ್ ಓಡಿಸಿ ಗುರುತ್ವದ ಅಲೆ ಹಿಡಿಯುವ ಯಂತ್ರ. ಹಿಂಗೋಲಿಯಂಥ ಜಿಲ್ಲೆಗೆ ಅದು ಹೋದದ್ದು ನನಗೆ ತುಂಬ ಖುಷಿ ಕೊಟ್ಟ ಸುದ್ದಿ. 2025ರ ಏಪ್ರಿಲ್‌ನಲ್ಲಿ ಆಂಧ್ರದ ಕರ್ನೂಲಿನಲ್ಲಿ, ರಾಯಚೂರಿನ ಪಕ್ಕದ ಜಿಲ್ಲೆಯಲ್ಲಿ, ಡಿಆರ್‌ಡಿಒದವರು ವಾಹನದ ಮೇಲೆ ಕೂರಿಸಿದ ಲೇಸರಿನಿಂದ ಡ್ರೋನ್‌ಗಳನ್ನು ಕೆಡವಿ ತೋರಿಸಿದರು. ಪತ್ರಿಕೆಗಳಲ್ಲಿ ಅದಕ್ಕೆ ದೊಡ್ಡ ಜಾಗ ಸಿಕ್ಕಿತು. ರಕ್ಷಣೆಗೆ ಲೇಸರ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಯತಂತ್ರ ಅಷ್ಟಕ್ಕೇ ನಿಂತರೆ ಸಾಲದು. ಬೇಲಿಯೊಳಗಿನ ಕೆಲಸ ಬೇಲಿಯೊಳಗೇ ಉಳಿಯುತ್ತದೆ. ಅದನ್ನು ನೋಡಿ ಕಲಿಯಲು ಕಾಲೇಜಿನ ಮಕ್ಕಳಿಗೆ ಆಗುವುದಿಲ್ಲ.

ಇಲ್ಲಿ ಒಬ್ಬರು ಕೇಳಿದರು, ಇದರಿಂದ ಕಾಸರಗೋಡಿಗೆ ಏನು ಸಿಗುತ್ತದೆ ಅಂತ. ನ್ಯಾಯವಾದ ಪ್ರಶ್ನೆ. ಎಂಡೋಸಲ್ಫಾನ್ ಕೀಟನಾಶಕದ ವಿಷಯ ನೆನಪಿಸಿಕೊಳ್ಳಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದವರೆಗೆ ನಡೆಯಿತು. ಆಮೇಲೆ ರಕ್ತದಲ್ಲಿ ಎಷ್ಟಿದೆ, ನೀರಿನಲ್ಲಿ ಎಷ್ಟಿದೆ ಎಂಬ ವಾದ ವರ್ಷಗಟ್ಟಲೆ ಎಳೆಯಿತು. ಮಾದರಿಗಳು ದೂರದ ಊರುಗಳಿಗೆ ಹೋದವು. ಒಂದು ವರದಿ ಇದೆ ಎಂದಿತು, ಇನ್ನೊಂದು ಇಲ್ಲ ಎಂದಿತು. ಆ ಅಳತೆ ಲೇಸರಿನದ್ದಲ್ಲ, ಬೇರೆ ಉಪಕರಣದ್ದು. ನಾನು ಹೇಳುವುದು ಇಷ್ಟು: ಅಳೆಯುವ ಉಪಕರಣ ಮತ್ತು ಅದನ್ನು ಓದಬಲ್ಲ ಜನ ನಮ್ಮ ನಡುವೆ ಇಲ್ಲದಿದ್ದರೆ ನಮ್ಮ ಮೈಯಲ್ಲಿ ಏನಿದೆ ಎಂಬುದನ್ನೂ ಬೇರೆಯವರೇ ಹೇಳಬೇಕಾಗುತ್ತದೆ. ಇವತ್ತು ಮಣ್ಣು, ನೀರು, ರಕ್ತ, ಉಸಿರು, ಎಲ್ಲವನ್ನೂ ಬೆಳಕಿನಿಂದ ಓದುವ ವಿಧಾನಗಳು ಬೆಳೆಯುತ್ತಿವೆ. ಇಂದೋರಿನ ಕೇಂದ್ರದವರೇ ಬಾಯಿಯ ಕ್ಯಾನ್ಸರನ್ನು ಬೇಗ ಗುರುತಿಸಲು ಬೆಳಕು ಬಳಸುವ ಒಂದು ಚಿಕ್ಕ ಉಪಕರಣ ಮಾಡಿದ್ದಾರೆ. ಹೊಗೆಸೊಪ್ಪು ಹಾಕಿ ವೀಳ್ಯ ಜಗಿಯುವವರು ಜಾಸ್ತಿ ಇರುವ ನಮ್ಮಂಥ ಕಡೆ ಅದಕ್ಕೆ ಎಷ್ಟು ಬೆಲೆ ಅಂತ ನಾನು ಹೇಳಬೇಕಾಗಿಲ್ಲ.

ಹಾಗಂತ ಕಾಸರಗೋಡಿಗೇ ಪೆಟಾವ್ಯಾಟ್ ಲೇಸರ್ ಕೊಡಿ ಅಂತ ನಾನು ಕೇಳುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು ಇದು. ಅಷ್ಟು ದೊಡ್ಡ ಲೇಸರಿನ ಕೋಣೆಯಲ್ಲಿ ಉಷ್ಣತೆ ಅರ್ಧ ಡಿಗ್ರಿ ಅತ್ತಿತ್ತ ಆಗಬಾರದು, ತೇವ ಏರಬಾರದು, ಕರೆಂಟು ಹೋಗಬಾರದು. ಆದರೆ ಅದರ ಸಾವಿರದ ಒಂದು ಪಾಲಿನ ಫೆಮ್ಟೊಸೆಕೆಂಡ್ ಲೇಸರ್ ಒಂದು ಮೇಜಿನ ಮೇಲೆ ಹಿಡಿಸುತ್ತದೆ. ಒಳ್ಳೆಯ ಎಸಿ ಇರುವ ಒಂದು ಕೋಣೆ ಸಾಕು. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ 2009ರಿಂದ ಇದೆ. ಅಂಥ ಕಡೆ ಒಂದು ಮಧ್ಯಮ ಗಾತ್ರದ ಲೇಸರ್ ಕೇಂದ್ರ ಇಟ್ಟು, ಸುತ್ತಲಿನ ಕಾಲೇಜುಗಳಿಗೆ ವಾರದಲ್ಲಿ ಇಂತಿಷ್ಟು ಗಂಟೆ ಅಂತ ಕೊಡಿ. ಸೊಲ್ಲಾಪುರಕ್ಕೊಂದು, ಕರ್ನೂಲಿಗೊಂದು, ಕೃಷ್ಣಗಿರಿಗೊಂದು. ಇವುಗಳನ್ನು ಇಂದೋರು, ಮುಂಬಯಿ, ಹೈದರಾಬಾದಿನ ದೊಡ್ಡ ಲೇಸರ್‌ಗಳ ಜೊತೆ ಜೋಡಿಸಿ. ಚಿಕ್ಕದರಲ್ಲಿ ಕೈ ಪಳಗಿದವರು ದೊಡ್ಡದಕ್ಕೆ ಹೋಗಲಿ. ನನ್ನ ಪ್ರಕಾರ ರಾಷ್ಟ್ರೀಯ ಕಾರ್ಯತಂತ್ರದ ಮೊದಲ ಪುಟದಲ್ಲಿ ಇರಬೇಕಾದದ್ದು ಇದು. ದೊಡ್ಡ ಯಂತ್ರ ಎರಡನೇ ಪುಟದ್ದು.

ಮತ್ತು ತಾಳ್ಮೆ. ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಕಟ್ಟಲು ಶುರು ಮಾಡಿದ್ದು 1997ರಲ್ಲಿ, ಮುಗಿದದ್ದು 2009ರಲ್ಲಿ. 192 ಲೇಸರ್ ಕಿರಣಗಳನ್ನು ಒಂದು ಪುಟ್ಟ ಗುಳಿಗೆಯ ಕಡೆಗೆ ತಿರುಗಿಸಿ ಸೂರ್ಯನಲ್ಲಿ ನಡೆಯುವ ಸಮ್ಮಿಲನವನ್ನು ಇಲ್ಲಿ ನಡೆಸುವುದು ಗುರಿ. 2012ರ ಹೊತ್ತಿಗೆ ಆಗಬೇಕಿತ್ತು. ಆಗಲಿಲ್ಲ. ಟೀಕೆ ಬಂತು, ಆದರೂ ಬಿಡಲಿಲ್ಲ. 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಬೆಳಕು ಕೊಟ್ಟು 3.15 ಮೆಗಾಜೂಲ್ ಪಡೆದರು. ಲೇಸರ್ ನಡೆಸಲು ಎಳೆದ ಕರೆಂಟು ಸುಮಾರು 300 ಮೆಗಾಜೂಲ್, ಹಾಗಾಗಿ ವಿದ್ಯುತ್ ಕೇಂದ್ರ ಇನ್ನೂ ದೂರ. ಆದರೆ ಗುರಿ ತಪ್ಪಿದ ಮೇಲೂ ಹತ್ತು ವರ್ಷ ಅದೇ ಜನರನ್ನು ಅದೇ ಕೆಲಸದಲ್ಲಿ ಉಳಿಸಿಕೊಂಡರು. ನಮ್ಮಲ್ಲಿ ಕೆಲವೇ ವರ್ಷದ ಯೋಜನೆ, ಕೆಲವೇ ವರ್ಷದ ಫೆಲೋಶಿಪ್. ಲೇಸರನ್ನು ಜೋಡಿಸಿ, ಅದರ ಸ್ವಭಾವ ತಿಳಿದು, ಒಳ್ಳೆಯ ಪಲ್ಸ್ ಬರುವಷ್ಟರಲ್ಲಿ ಕಲಿತ ಹುಡುಗನ ಸಂಬಳ ನಿಲ್ಲುತ್ತದೆ. ಅವನು ಬೆಂಗಳೂರಿಗೆ ಹೋಗಿ ಬೇರೆ ಕೆಲಸ ಹಿಡಿಯುತ್ತಾನೆ. ಯಂತ್ರ ಉಳಿಯುತ್ತದೆ, ಅದನ್ನು ಬಲ್ಲವನು ಉಳಿಯುವುದಿಲ್ಲ. ಇದು ಮೊದಲು ಸರಿಯಾಗಬೇಕು. ಹದಿನೈದು, ಇಪ್ಪತ್ತು ವರ್ಷಕ್ಕೆ ಖಾತ್ರಿ ಇರುವ ಹುದ್ದೆಗಳು ಬೇಕು. ವಿಜ್ಞಾನಿಗಳಿಗೆ ಮಾತ್ರ ಅಲ್ಲ, ಗಾಜು ಉಜ್ಜುವವರಿಗೆ, ಲೇಪನ ಹಾಕುವವರಿಗೆ, ನಿರ್ವಾತ ಪಂಪ್ ನೋಡಿಕೊಳ್ಳುವವರಿಗೆ. ಐಟಿಐಗಳಲ್ಲಿ ಆಪ್ಟಿಕ್ಸ್ ಅಂತ ಒಂದು ಟ್ರೇಡ್ ಯಾಕೆ ಇಲ್ಲಿ ಶುರು ಮಾಡಬಾರದು?

ಕೊನೆಗೆ ಇಲ್ಲಿರುವ ಅಧ್ಯಾಪಕರಿಗೆ ಒಂದು ಮಾತು. ಇಂಡಸ್-2ರ ಬೀಮ್‌ಲೈನ್‌ಗಳಲ್ಲಿ, ಅಂದರೆ ಅದರ ಬೆಳಕನ್ನು ಪ್ರಯೋಗಕ್ಕೆ ಹೊರತರುವ ದಾರಿಗಳಲ್ಲಿ, ಪ್ರಯೋಗ ಮಾಡಲು ದೇಶದ ಯಾವ ವಿಶ್ವವಿದ್ಯಾಲಯ, ಕಾಲೇಜಿನವರೂ ಪ್ರಸ್ತಾವ ಕಳಿಸಬಹುದು. ಕಳಿಸಿ. ಕಾರ್ಯತಂತ್ರ ದಿಲ್ಲಿಯಿಂದ ಬರಲಿ ಅಂತ ಕಾಯಬೇಡಿ. ಈ ಜಿಲ್ಲೆಯ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಲ್ಲಿ ಇಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ನಿಮಗೆ ಪ್ರಸ್ತಾವ ಬರೆಯಲು ಸಹಾಯ ಬೇಕಿದ್ದರೆ ಈ ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ, ಕೂತು ಬರೆಯೋಣ.